ಕರ್ಣನ ಹೆಸರು, ಭರತನ ಬೆಟ್ಟ: ಪಂಪನ ಎರಡು ಕಾವ್ಯಗಳಲ್ಲಿ ಸಾವು ಮತ್ತು ಮರೆವು

ಆದಿಪುರಾಣ ಮುಗಿದದ್ದು 941ರಲ್ಲಿ. 902ರಲ್ಲಿ ಹುಟ್ಟಿದ ಪಂಪನಿಗೆ ಆಗ 39 ವರ್ಷ. ಆದಿಪುರಾಣಕ್ಕೆ ಮೂರು ತಿಂಗಳು, ವಿಕ್ರಮಾರ್ಜುನ ವಿಜಯಕ್ಕೆ ಆರು ತಿಂಗಳು ಹಿಡಿಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಮೊದಲನೆಯದು 16 ಆಶ್ವಾಸಗಳ (ಅಧ್ಯಾಯಗಳ) ಜೈನ ಪುರಾಣ, ಎರಡನೆಯದು 14 ಆಶ್ವಾಸಗಳ ಭಾರತ. 'ಬೆಳಗುವೆನಿಲ್ಲಿ ಲೌಕಿಕಮನಲ್ಲಿ ಜಿನಾಗಮಮಂ' ಎಂದು ಎರಡರ ಕೆಲಸವನ್ನೂ ಕವಿಯೇ ಬೇರೆ ಮಾಡಿಟ್ಟ. ಪಾಠದ ಪುಸ್ತಕಗಳು ಸಾಮಾನ್ಯವಾಗಿ ಈ ಸಾಲಿಗೆ ನಿಂತುಬಿಡುತ್ತವೆ: ಒಂದು ಲೌಕಿಕ, ಇನ್ನೊಂದು ಆಗಮಿಕ, ಅಂದರೆ ಜೈನ ಧರ್ಮದ್ದು.

ಆದರೆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿ ನೋಡಬೇಕು. ಸತ್ತವನ ಹೆಸರು ಏನಾಗುತ್ತದೆ? ಭಾರತದಲ್ಲಿ ಪಂಪ ಕೊಡುವ ಉತ್ತರ, 'ಅದನ್ನು ನೆನೆಯಬೇಕು, ಬಿಡಬಾರದು' ಎಂದು. ಪುರಾಣದಲ್ಲಿ ಅದೇ ಪಂಪ ಕೊಡುವ ಉತ್ತರ, 'ಬೆಟ್ಟದಷ್ಟು ದೊಡ್ಡ ಬಂಡೆಯಲ್ಲೂ ಅದಕ್ಕೆ ಜಾಗವಿಲ್ಲ' ಎಂದು. ಒಬ್ಬನೇ ಕವಿ ಎರಡನ್ನೂ ಪೂರ್ಣ ಮನಸ್ಸಿನಿಂದ ಹೇಳುತ್ತಾನೆ. ಇದು ಹೇಗೆ ಸಾಧ್ಯ ಎಂದು ತಿಳಿಯಲು ಕಾವ್ಯದ ಜೊತೆಗೆ ಆ ಕಾಲದಲ್ಲಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳನ್ನೂ ಓದಬೇಕು, ಯಾಕೆಂದರೆ ಪಂಪನ ಓದುಗರು ದಿನವೂ ಆ ಕಲ್ಲುಗಳ ಪಕ್ಕದಲ್ಲೇ ಹಾದುಹೋಗುತ್ತಿದ್ದವರು.

ಮೊದಲು ಕರ್ಣ. ವಿಕ್ರಮಾರ್ಜುನ ವಿಜಯದ ನಾಯಕ ಅರ್ಜುನ. ಅವನನ್ನು ತನ್ನ ಒಡೆಯ ಅರಿಕೇಸರಿಯೊಂದಿಗೆ ಸಮೀಕರಿಸಿಯೇ ಪಂಪ ಇಡೀ ಕಾವ್ಯ ಕಟ್ಟಿದ್ದಾನೆ. ಆದರೂ 12ನೇ ಆಶ್ವಾಸದಲ್ಲಿ ಕರ್ಣ ಬಿದ್ದ ಮೇಲೆ ಬರುವ ಪದ್ಯ ಇದು:

ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ
ನೆನೆವೊಡೆ ಕರ್ಣನಂ ನೆನೆಯ ಕರ್ಣನೊಳಾರ್ ದೊರೆ ಕರ್ಣನೇರು ಕ-
ರ್ಣನ ಕಡುನನ್ನಿ ಕರ್ಣನಳವಂಕದ ಕರ್ಣನ ಚಾಗಮೆಂದು ಕ-
ರ್ಣನ ಪಡೆಮಾತಿನೊಳ್ ಪುದಿದು ಕರ್ಣರಸಾಯನಮಲ್ತೆ ಭಾರತಂ

ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ ಅಣ್ಣ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ. ಅವನಿಗೆ ಸಮ ಯಾರು? ಅವನ ಇರಿತ, ಅವನ ಸತ್ಯ, ಅವನ ಪರಾಕ್ರಮ, ಅವನ ತ್ಯಾಗ ಎಂದು ಕರ್ಣನ ಮಾತೇ ತುಂಬಿಕೊಂಡು ಭಾರತ ಕಿವಿಗೆ ರಸಾಯನವಾಗಿದೆ.

ಪದ್ಯದ ಕಟ್ಟು ನೋಡಿ. ಚಂಪಕಮಾಲೆ ವೃತ್ತ, ಸಾಲಿಗೆ 21 ಅಕ್ಷರ, ಒಟ್ಟು 84. ಅಷ್ಟರಲ್ಲಿ 'ಕರ್ಣ' ಎಂಬ ಶಬ್ದ ಎಂಟು ಸಲ ಬರುತ್ತದೆ. ಏಳು ಸಲ ಅದು ಸತ್ತವನ ಹೆಸರು. ಎಂಟನೆಯದು 'ಕರ್ಣರಸಾಯನ', ಅಲ್ಲಿ ಕರ್ಣ ಎಂದರೆ ಕೇಳುವವನ ಕಿವಿ. ರಣದಲ್ಲಿ ಬಿದ್ದವನ ಹೆಸರು ಪದ್ಯ ಮುಗಿಯುವಷ್ಟರಲ್ಲಿ ಓದುಗನ ಕಿವಿಯೇ ಆಗಿಬಿಡುತ್ತದೆ. ಇದನ್ನು ಕಣ್ಣಿನಲ್ಲಿ ಓದಿದರೆ ಅರ್ಧ ಕೈತಪ್ಪುತ್ತದೆ, ಗಟ್ಟಿಯಾಗಿ ಓದಬೇಕು. ಎರಡು ಸಲ ಸಾಲಿನ ಕೊನೆಯಲ್ಲಿ 'ಕ' ಒಂದು ಕಡೆ, 'ರ್ಣನ' ಮುಂದಿನ ಸಾಲಿಗೆ ಒಡೆದು ಬೀಳುತ್ತದೆ. ಉಸಿರು ತೆಗೆದುಕೊಳ್ಳಬೇಕಾದ ಜಾಗದಲ್ಲೂ ಆ ಹೆಸರು ಬಿಡುವು ಕೊಡುವುದಿಲ್ಲ.

ಈ ಪದ್ಯವನ್ನು ಓದುವಾಗ ಹೆಚ್ಚಾಗಿ ಆಗುವ ತಪ್ಪೆಂದರೆ, ಇದನ್ನು ಕರ್ಣನ ಮೇಲಿನ ಕನಿಕರ ಎಂದುಕೊಳ್ಳುವುದು. ಕನಿಕರದ ಒಂದು ಮಾತೂ ಇಲ್ಲಿಲ್ಲ. ಇರುವುದು ಲೆಕ್ಕ: ಏರು, ನನ್ನಿ, ಅಳವು, ಚಾಗ. ವೀರಗಲ್ಲಿನ ಶಾಸನದಲ್ಲಿ ಸತ್ತವನ ಬಗ್ಗೆ ಹೇಳುವುದೂ ಇಂಥವನ್ನೇ. ಕರ್ಣ ತನ್ನ ಜನ್ಮದ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡಲಿಲ್ಲ. ಆ ಕಾಲದ ಕನ್ನಡದಲ್ಲಿ ಅದಕ್ಕೆ ಹೆಸರಿದೆ. ಒಡೆಯನ ಜೋಳ ತಿಂದ ಋಣ ತೀರಿಸುವುದು ಜೋಳವಾಳಿ. ಒಡೆಯನೊಡನೆ ಸಾಯುತ್ತೇನೆಂದು ಮಾತು ಕೊಟ್ಟು ನಡೆದುಕೊಳ್ಳುವುದು ವೇಳೆವಾಳಿ. ಋಣ ತೀರಿಸಿದವನಿಗೆ ಲೋಕ ಒಂದು ಬಾಕಿ ಉಳಿಸಿಕೊಳ್ಳುತ್ತದೆ, ಆ ಬಾಕಿಯೇ ನೆನಪು. ಪಂಪ ಕರ್ಣನ ಬಾಕಿಯನ್ನು ತೀರಿಸುತ್ತಿದ್ದಾನೆ.

ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಬಳಿ ನಿಲ್ಲುತ್ತಾನೆ. ಅವನು ಶತ್ರುವಿನ ಮಗ. ನಿನ್ನ ಸಾಹಸದ ಒಂದು ಅಂಶದಷ್ಟಾದರೂ ಇರುವ ಸಾವು ನನಗೂ ಬರಲಿ ಎಂದು ಕೈಮುಗಿಯುತ್ತಾನೆ. ಇಲ್ಲಿ ಸಾವು ಭಯದ ವಸ್ತುವಲ್ಲ, ಬೇಡಿ ಪಡೆಯಬೇಕಾದ ವರ.

ಇನ್ನು ಕಲ್ಲಿಗೆ ಬರೋಣ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪೂರ್ಣ ಬೆಳೆದ ರೂಪದಲ್ಲಿ ಅದಕ್ಕೆ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವೊಮ್ಮೆ ದನಗಳ ಸಾಲು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ವಿಮಾನದಲ್ಲಿ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಕೈಮುಗಿದು ಲಿಂಗದ ಮುಂದೆ ಕುಳಿತಿರುತ್ತಾನೆ, ಪಕ್ಕದಲ್ಲಿ ಪೂಜೆ ಮಾಡುವವನು, ಮೇಲೆ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಶಾಸನ. ದನಗಳ ಸಾಲು ಕಂಡರೆ ಅದು ತುರುಗೊಳ್, ಊರ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನು. ಹೆಂಗಸರ ಮೇಲೆ ಕೈಮಾಡಿದವರನ್ನು ಎದುರಿಸಿ ಸತ್ತರೆ ಪೆಣ್ಬುಯ್ಯಲ್. ಊರು ಕೊಳ್ಳೆ ಹೋಗುವಾಗ ಸತ್ತರೆ ಊರಳಿವು. ಹಳೆಯ ಕಲ್ಲುಗಳಲ್ಲಿ ಹಲವು ಒಂದೇ ಪಟ್ಟಿಕೆಯವು, ಅಲ್ಲಿ ಸ್ವರ್ಗ ಇನ್ನೂ ಬಂದಿಲ್ಲ, ಕಾಳಗ ಮಾತ್ರ.

ನೆನಪನ್ನು ಉಳಿಸುವುದಕ್ಕೆ ಕಲ್ಲೊಂದೇ ಸಾಲದು ಎಂಬುದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಭೂಮಿ ಕೊಟ್ಟರು. ವೀರನ ಮನೆಯವರಿಗೆ ಕಲ್ಲಿನೊಡನೆ ಬಿಟ್ಟ ನೆಲ ಕಲ್ನಾಡು. ಕತ್ತಿ ತೊಳೆದು ಕೊಟ್ಟ ದತ್ತಿ ಬಾಳ್ಗಳ್ಚು. ನಂತರದ ಶಾಸನಗಳಲ್ಲಿ ನೆತ್ತರುಕೊಡಗೆ, ಅಂದರೆ ನೆತ್ತರು ಸುರಿಸಿದ್ದಕ್ಕೆ ಕೊಟ್ಟ ದತ್ತಿ, ಎಂಬ ಮಾತು ಬರುತ್ತದೆ. ಬಿಟ್ಟ ಭೂಮಿ ಉತ್ತು ಬೆಳೆಯುವವನಿಗೆ ಪ್ರತಿ ಸುಗ್ಗಿಯಲ್ಲೂ ಆ ಹೆಸರು ನೆನಪಾಗಲೇಬೇಕು. ನೆನಪನ್ನು ಇಷ್ಟು ವ್ಯವಹಾರದ ಮಟ್ಟಕ್ಕೆ ತಂದು ಗಟ್ಟಿ ಮಾಡಿದ್ದೇ ಈ ಪದ್ಧತಿಯ ದೊಡ್ಡ ಜಾಣತನ ಎಂದು ನಮ್ಮ ಅಭಿಪ್ರಾಯ.

ಇದನ್ನು ಹತ್ತಿರದಿಂದ ನೋಡಲು ಆತಕೂರಿನ ಕಲ್ಲಿಗಿಂತ ಒಳ್ಳೆಯದಿಲ್ಲ. ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ 949-50, ಆದಿಪುರಾಣ ಮುಗಿದು ಎಂಟೊಂಬತ್ತು ವರ್ಷವಷ್ಟೇ. ರಾಷ್ಟ್ರಕೂಟ ಮೂರನೇ ಕೃಷ್ಣ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸಂಗತಿಯೂ ಈ ಕಲ್ಲಿನ ಮೇಲಿದೆ. ಆದರೆ ಕಲ್ಲು ನಿಂತಿರುವುದು ಒಂದು ನಾಯಿಗಾಗಿ. ಮಣಲೆರ ಎಂಬ ವೀರನಿಗೆ ಮೆಚ್ಚಿ ಏನು ಬೇಕೆಂದು ಅವನ ಒಡೆಯ ಕೇಳಿದಾಗ ಅವನು ಕಾಳಿ ಎಂಬ ನಾಯಿಯನ್ನು ಕೇಳಿದ. ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಶಾಸನದ ಮಾತು: 'ಪಂದಿಯುಂ ನಾಯುಮೊಡಸತ್ತುವು.' ಹಂದಿ ನಾಯಿ ಒಟ್ಟಿಗೆ ಸತ್ತವು. ಅದಕ್ಕಾಗಿ ದೇವಸ್ಥಾನದ ಮುಂದೆ ಕಲ್ಲು ನೆಟ್ಟು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ಎಂದು ಕೊನೆಯಲ್ಲಿ ಬರೆಸಿದರು. ನೆನಪಿಗೆ ಬೇಕಾದ ಭಾಗಗಳೆಲ್ಲ ಈ ಒಂದೇ ಕಲ್ಲಿನಲ್ಲಿವೆ: ಹೆಸರು, ಜಾಗ, ಹೇಗೆ ಸತ್ತಿತು, ಎಷ್ಟು ಭೂಮಿ, ಯಾರು ನೋಡಿಕೊಳ್ಳಬೇಕು, ಮರೆತರೆ ಏನು.

'ಒಡಸಾಯ್' ಎಂಬ ಆ ಕ್ರಿಯಾಪದವನ್ನು ಹಿಡಿದುಕೊಂಡು ಈಗ ಆದಿಪುರಾಣಕ್ಕೆ ಹೋಗಬಹುದು, ಅಲ್ಲೂ ಅದು ಕಾಯುತ್ತಿದೆ.

ವಜ್ರಜಂಘ ಮತ್ತು ಶ್ರೀಮತಿ ಹಿಂದಿನ ಜನ್ಮದಲ್ಲಿ ಲಲಿತಾಂಗ, ಸ್ವಯಂಪ್ರಭೆ. ದೇವಲೋಕದಲ್ಲಿ ಲಲಿತಾಂಗನ ಆಯುಷ್ಯ ಮುಗಿಯಲು ಆರು ತಿಂಗಳಿರುವಾಗ ಅವನು ಮುಡಿದ ಹೂಮಾಲೆ ಬಾಡಿತು. ಭೂಮಿಯಲ್ಲಿ ಹುಟ್ಟಿದ ಶ್ರೀಮತಿಗೆ ಹಿಂದಿನ ಜನ್ಮ ನೆನಪಾಗುತ್ತದೆ. ಅದನ್ನೆಲ್ಲ ಒಂದು ಪಟದಲ್ಲಿ ಬರೆಯುತ್ತಾಳೆ, ಅವನಿಗೆ ಮಾತ್ರ ಗೊತ್ತಿರುವ ಗುರುತುಗಳನ್ನು ಬಿಟ್ಟು ಬರೆಯುತ್ತಾಳೆ. ಪಟವನ್ನು ನೋಡಿ ಅದನ್ನು ಗುರುತಿಸಿದವನೇ ವಜ್ರಜಂಘ. ಸಾವನ್ನೇ ದಾಟಿ ಬಂದ ನೆನಪು ಇದು. ಇಷ್ಟು ಗಟ್ಟಿಯಾದ ನೆನಪಿನವರು ಸಾಯುವುದು ಹೇಗೆ? ಒಂದು ರಾತ್ರಿ ಮಲಗುವ ಮನೆಯಲ್ಲಿ ಧೂಪ ಹಾಕಿದ್ದಾರೆ. ಸೇವಕರು ಕಿಟಕಿ ತೆರೆಯುವುದನ್ನು ಮರೆತಿದ್ದಾರೆ. ಹೊಗೆ ಕಟ್ಟಿಕೊಂಡು, ತೋಳು ಸಡಿಲಿಸದೆ, ಇಬ್ಬರೂ ಉಸಿರು ಬಿಡುತ್ತಾರೆ. ಪಂಪ ಇಲ್ಲಿ ಬರೆಯುವ ಮಾತು 'ಓಪರೋಪರೊಳೊಡಸಾಯಲ್ ಪಡೆದರ್', ಪ್ರೀತಿಸಿದವರು ಪ್ರೀತಿಸಿದವರೊಡನೆ ಸಾಯುವ ಭಾಗ್ಯ ಪಡೆದರು.

ಇಲ್ಲಿ ಕಾಳಗವಿಲ್ಲ, ಋಣವಿಲ್ಲ, ಯಾರೂ ಕಲ್ಲು ನೆಡಬೇಕಾದ ಕಾರಣವಿಲ್ಲ. ಯಾರೋ ಒಂದು ಕಿಟಕಿ ಮರೆತರು, ಅಷ್ಟೇ. ವೀರಗಲ್ಲಿನ ಲೋಕದಲ್ಲಿ ಸಾವಿಗೆ ಕಾರಣ ಬೇಕು, ಇಲ್ಲದಿದ್ದರೆ ಕಲ್ಲಿನ ಮೇಲೆ ಬರೆಯುವುದೇನನ್ನು? ಆದಿಪುರಾಣದಲ್ಲಿ ಸಾವಿಗೆ ಕಾರಣ ಎಷ್ಟು ಸಣ್ಣದಾದರೂ ಆಗುತ್ತದೆ.

ನೀಲಾಂಜನೆಯ ಪ್ರಸಂಗ ಇದಕ್ಕಿಂತ ಕಠಿಣ. ಆದಿಪುರಾಣದ ನಾಯಕ, ಮುಂದೆ ಜೈನರ ಮೊದಲ ತೀರ್ಥಂಕರನಾಗುವ ವೃಷಭನಾಥ ಇನ್ನೂ ಭೋಗದಲ್ಲಿದ್ದಾನೆ. ಅವನಿಗೆ ವೈರಾಗ್ಯ ಮೂಡಿಸಲು ಇಂದ್ರ ಒಬ್ಬ ನರ್ತಕಿಯನ್ನು ಕಳಿಸುತ್ತಾನೆ. ಆರಿಸಿಕೊಂಡದ್ದೇ ಆಯುಷ್ಯ ತೀರುತ್ತ ಬಂದವಳನ್ನು. ಅವಳು ಕುಣಿಯುತ್ತಿರುವಾಗಲೇ ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲೇ ಅವಳಂಥದೇ ಇನ್ನೊಂದು ರೂಪವನ್ನು ಅವಳ ಜಾಗದಲ್ಲಿ ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ. ಸಭೆಗೆ ಗೊತ್ತೇ ಆಗುವುದಿಲ್ಲ. ಒಬ್ಬ ವೃಷಭನಿಗೆ ಮಾತ್ರ ಗೊತ್ತಾಗುತ್ತದೆ: 'ನಾರೀರೂಪದ ಯಂತ್ರಂ' ನೋಡನೋಡುತ್ತ ಕರಗಿತು.

ಈ ಪ್ರಸಂಗವನ್ನು 'ದೇಹ ನಶ್ವರ' ಎಂದು ಒಂದು ಮಾತಿನಲ್ಲಿ ಮುಗಿಸಿದರೆ ಅದರ ಮೊನೆ ಹೋಗುತ್ತದೆ. ದೇಹ ನಶ್ವರ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಂಪ ತೋರಿಸುತ್ತಿರುವುದು ಇನ್ನೂ ಮುಂದಿನದು. ಒಬ್ಬಳು ಸತ್ತಳು, ಅವಳ ಜಾಗ ತುಂಬಿತು, ನೋಡುತ್ತಿದ್ದವರು ನೋಡುತ್ತಲೇ ಇದ್ದರು. ಸಾವಿಗೂ ಮರೆವಿಗೂ ನಡುವೆ ಒಂದು ತಾಳದ ಅಂತರವೂ ಇಲ್ಲ. ಕನ್ನಡದಲ್ಲಿ ಮರೆಯಲ್ಪಡುವುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದ ಇನ್ನೊಂದು ದೃಶ್ಯ ಸಿಗುವುದು ಕಷ್ಟ.

ಆಮೇಲೆ ಭರತನ ಬೆಟ್ಟ. ವೃಷಭನ ಮಗ ಭರತ ಆರು ಖಂಡಗಳನ್ನು ಗೆದ್ದು ವೃಷಭಾಚಲಕ್ಕೆ ಬರುತ್ತಾನೆ. ಚಕ್ರವರ್ತಿಯಾದವನು ಅಲ್ಲಿ ತನ್ನ ಪ್ರಶಸ್ತಿ ಬರೆಸಬೇಕು. ತನ್ನಂತೆ ಗೆದ್ದವನು ಯಾರೂ ಇಲ್ಲವೆಂಬ ಹಮ್ಮಿನಲ್ಲಿ ಹತ್ತಿರ ಹೋಗಿ ನೋಡಿದರೆ ಬಂಡೆಯ ಮೈತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು. ಒಂದು ಹೆಸರು ಬರೆಯುವಷ್ಟೂ ಜಾಗವಿಲ್ಲ. ಭರತನ ಗರ್ವ ಅಲ್ಲೇ ಇಳಿಯುತ್ತದೆ. ಆದರೂ ಅವನು ಬರಿಗೈಲಿ ಹಿಂತಿರುಗುವುದಿಲ್ಲ. ಯಾವನೋ ಒಬ್ಬನ ಪ್ರಶಸ್ತಿಯನ್ನು ಅಳಿಸಿ, ಅದರ ಮೇಲೆ ತನ್ನದನ್ನು ಬರೆಸುತ್ತಾನೆ.

ಈ ಕಥೆ ಪಂಪನಿಗೆ ಬಂದದ್ದು 9ನೇ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣದಿಂದ. ಇದರಲ್ಲಿ ಎರಡು ಕ್ಷಣಗಳಿವೆ, ಎರಡನ್ನೂ ಹಿಡಿಯಬೇಕು. ಹೆಚ್ಚಿನವರು ಮೊದಲನೆಯದಕ್ಕೆ ನಿಲ್ಲುತ್ತಾರೆ, ಗರ್ವಭಂಗಕ್ಕೆ. ಎರಡನೆಯದು ಅಳಿಸುವುದು. ಗರ್ವ ಇಳಿದ ಮೇಲೂ ಆಸೆ ಇಳಿಯಲಿಲ್ಲ. ತನ್ನ ಹೆಸರಿಗೂ ಮುಂದೆ ಇದೇ ಗತಿ ಎಂದು ತಿಳಿದೂ ಅವನು ಬರೆಸಿದ. ಕಾವ್ಯ ಮುಂದೆ ಹೋದಾಗ ಭರತನ ದಂಡಿನ ಮುಂದೆ ಸಾಗುವ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ, ತಮ್ಮ ಬಾಹುಬಲಿಯೊಡನೆ ಕಾಳಗವಾಗುತ್ತದೆ, ಗೆದ್ದ ತಮ್ಮ ರಾಜ್ಯವನ್ನೇ ಬಿಟ್ಟು ಕಾಡಿಗೆ ಹೋಗಿ ಒಂದು ವರ್ಷ ಅಲುಗದೆ ನಿಲ್ಲುತ್ತಾನೆ. ಬಳ್ಳಿ ಹಬ್ಬುತ್ತದೆ. ಆದರೂ ಜ್ಞಾನ ಬರುವುದಿಲ್ಲ, ಯಾಕೆಂದರೆ ತಾನು ನಿಂತಿರುವುದು ಭರತನ ನೆಲದ ಮೇಲೆ ಎಂಬ ಕೊರೆತ ಒಂದು ಉಳಿದಿದೆ. ಅಣ್ಣ ಬಂದು ನಮಸ್ಕರಿಸಿದ ಮೇಲೆ ಅದೂ ಕಳಚುತ್ತದೆ. ಹೆಸರಿನ ಆಸೆ ಗೆದ್ದವನಿಗಷ್ಟೇ ಅಲ್ಲ, ಬಿಟ್ಟವನಿಗೂ ಕೊನೆಯವರೆಗೆ ಅಂಟಿಕೊಂಡಿರುತ್ತದೆ ಎಂದು ಪಂಪನಿಗೆ ಗೊತ್ತಿತ್ತು.

ಆದಿಪುರಾಣದ ಈ ಮನಸ್ಸಿಗೂ ಕಲ್ಲುಗಳಿವೆ. ಸಲ್ಲೇಖನ ವ್ರತದಿಂದ, ಅಂದರೆ ಊಟ ನೀರು ಬಿಡುತ್ತ, ದೇಹ ಬಿಟ್ಟವರಿಗೆ ನೆಟ್ಟವು ನಿಸಿಧಿಗಲ್ಲುಗಳು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಸುಮಾರು 700ರ ಹೊತ್ತಿನ ಒಂದು ಪದ್ಯ ನಂದಿಸೇನ ಮುನಿಯದು: 'ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆರವೋಲ್ ಮಂಜುವೋಲ್', ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ಸಿರಿ ರೂಪ ವೈಭವಗಳು ತೋರಿ ಹೋಗುತ್ತವೆ, ಯಾರಿಗೂ ನಿಲ್ಲವು, ಈ ಭೂಮಿಯಲ್ಲಿರುವುದನ್ನು ನಾನು ಮೆಚ್ಚೆನು ಎಂದು ಸಂನ್ಯಾಸ ಕೈಗೊಂಡು ಅವನು ದೇವಲೋಕಕ್ಕೆ ಸಂದ. ಹೆಚ್ಚುಕಡಿಮೆ ಅದೇ ಕಾಲದ್ದು ಬಾದಾಮಿಯ ಕಪ್ಪೆ ಅರಭಟ್ಟನೆಂಬ ವೀರನ ಶಾಸನ. ಅದರಲ್ಲಿರುವ ಸಂಸ್ಕೃತ ಶ್ಲೋಕ ಹೇಳುವುದು: ತೇಜಸ್ವಿಗೆ ಸಾವೇ ಮೇಲು, ಮಾನಭಂಗವಲ್ಲ. ಸಾವಿನ ದುಃಖ ಆ ಕ್ಷಣದ್ದು, ಮಾನಭಂಗದ್ದು ದಿನದಿನವೂ.

ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಪೂರ್ತಿ ವಿರುದ್ಧ ದಿಕ್ಕಿನವು ಎನಿಸುತ್ತದೆ. ಆದರೆ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಶ್ಲೋಕವನ್ನು ಗಮನಿಸಿ: 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನೀ ಕಾಯೇ ಕಾ ಚಿಂತಾ ಮರಣೇ ರಣೇ.' ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹವಿದು, ರಣದಲ್ಲಿ ಸಾಯಲು ಚಿಂತೆ ಏಕೆ? ಕ್ಷಣದಲ್ಲಿ ಅಳಿಯುವ ದೇಹ ಎಂಬುದು ನಂದಿಸೇನನ ಮಾತೂ ಹೌದು, ನೀಲಾಂಜನೆಯನ್ನು ಕಂಡ ವೃಷಭನ ಮಾತೂ ಹೌದು. ಎರಡೂ ಕಡೆಯವರು ಹೊರಡುವ ಜಾಗ ಒಂದೇ. ವೀರ ಹೇಳುವುದು, ಹೇಗೂ ಹೋಗುವ ದೇಹ, ಅದನ್ನು ಕೊಟ್ಟು ಹೆಸರು ಕೊಳ್ಳೋಣ. ಮುನಿ ಹೇಳುವುದು, ಹೇಗೂ ಹೋಗುವ ದೇಹ, ಹೆಸರು ಮಾತ್ರ ಹೇಗೆ ನಿಂತೀತು? ಈ ಒಂದು ಕವಲನ್ನು ಹಿಡಿದರೆ ಪಂಪನ ಎರಡು ಕಾವ್ಯಗಳು ಜಗಳವಾಡುವುದನ್ನು ನಿಲ್ಲಿಸುತ್ತವೆ.

ಒಂದು ತೊಡಕು ಉಳಿಯುತ್ತದೆ. ಹೆಸರು ನಿಲ್ಲದೆಂದ ಮುನಿಯ ಹೆಸರನ್ನೂ ಕಲ್ಲಿನ ಮೇಲೆ ಬರೆದರಲ್ಲ? ಬರೆದವನು ಮುನಿಯಲ್ಲ, ಉಳಿದವರು. ಅವರಿಗೆ ಬೇಕಾಗಿದ್ದದ್ದು ಆ ಸಾವಿನ ರೀತಿ, ಮುಂದೆ ವ್ರತ ಹಿಡಿಯುವವನಿಗೆ ಅದೊಂದು ದಾರಿಗುರುತು. ನಿಸಿಧಿಗಲ್ಲಿನಲ್ಲಿ ಅಪ್ಸರೆಯರ ಬದಲು ಹೆಚ್ಚಾಗಿ ಗುರುವಿನ ಮುಂದೆ ಕುಳಿತ ವ್ರತಿ, ಮೇಲೆ ಜಿನಬಿಂಬ ಇರುವುದು ಅದಕ್ಕೇ.

ಊರಿನಲ್ಲಿ ಕಲ್ಲು ಕಂಡಾಗ ಯಾವುದು ಯಾವುದೆಂದು ಗುರುತಿಸಲು ಮೇಲಿನ ಪಟ್ಟಿಕೆಯನ್ನು ಮೊದಲು ನೋಡಿ: ಲಿಂಗವಿದ್ದರೆ ಸಾಮಾನ್ಯವಾಗಿ ವೀರಗಲ್ಲು, ಜಿನಬಿಂಬವಿದ್ದರೆ ನಿಸಿಧಿ. ಆದರೆ ಕೆಳಗೆ ಕಾಳಗವಿದ್ದು ಮೇಲೆ ಜಿನಬಿಂಬವಿದ್ದರೆ ಸತ್ತವನು ಜೈನ ವೀರ. ಬಳೆ ತೊಟ್ಟು ಮೇಲೆತ್ತಿದ ಕೈ ಇದ್ದರೆ ಅದು ಮಾಸ್ತಿಕಲ್ಲು, ಗಂಡನೊಡನೆ ಸತ್ತವಳದು. ಅಕ್ಷರ ಓದಲು ನಡುಮಧ್ಯಾಹ್ನ ಹೋದರೆ ಏನೂ ಕಾಣದು. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲು ಬೇಕು, ಇಲ್ಲವೆಂದರೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಂತೆ ಪಕ್ಕದಿಂದ ಹಿಡಿಯಬೇಕು. ತಂತಿಯ ಬ್ರಷ್‌ನಿಂದ ಉಜ್ಜಬಾರದು, ಸುಣ್ಣ ಬಣ್ಣ ಬಳಿಯಬಾರದು. ಅಕ್ಷರದ ಅಂಚು ಒಮ್ಮೆ ಹೋದರೆ ತಿರುಗಿ ಬಾರದು. ಹಲವು ಊರುಗಳಲ್ಲಿ ಎಣ್ಣೆ ಕುಂಕುಮದ ಪದರ ಎಷ್ಟು ದಪ್ಪವಾಗಿದೆಯೆಂದರೆ ಪೂಜೆ ಉಳಿದು ಹೆಸರು ಹೋಗಿದೆ. ಇನ್ನು ಕೆಲವೆಡೆ ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾಗಿದೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಶಾಸನಗಳನ್ನು ಹುಡುಕಿ ನೋಡಿದರೆ, ಈಗ ಸವೆದ ಹೆಸರು ಅಲ್ಲಿ ಓದಲು ಸಿಗುವುದುಂಟು.

ಪಂಪನ ಕುಲ, ತಂದೆ, ಬಿರುದು, ಅಗ್ರಹಾರಗಳ ಬಗ್ಗೆ ನಮಗೆ ತಿಳಿದಿರುವುದಕ್ಕೆ ಅವನ ಕಾವ್ಯವಲ್ಲದೆ ಇನ್ನೊಂದು ಆಧಾರವಿದೆ. ತೆಲಂಗಾಣದ ಕರೀಂನಗರದ ಕಡೆ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಬಂಡೆ. ಜೈನ ಯಕ್ಷಿ ಚಕ್ರೇಶ್ವರಿಯ ಮೂರ್ತಿಯ ಕೆಳಗೆ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಶಾಸನ ಹಾಕಿಸಿದವನು ಪಂಪನ ತಮ್ಮ ಜಿನವಲ್ಲಭ. ಅಲ್ಲಿ ಒಂದು ಬಸದಿ, ಒಂದು ತೋಟ, ಒಂದು ಕೆರೆ ಮಾಡಿಸಿದನೆಂದು ಅದು ಹೇಳುತ್ತದೆ. ಕೆರೆಗೆ ಇಟ್ಟ ಹೆಸರು ಅಣ್ಣನ ಬಿರುದು, ಕವಿತಾಗುಣಾರ್ಣವ. ಆ ಬೆಟ್ಟವನ್ನು ಶಾಸನ ಕರೆಯುವುದು ವೃಷಭಾದ್ರಿ ಎಂದು.